ಎರಡು ನಿಮಿಷದ ಅಪ್ಪ

…ನಗಾಕತ್ತೀಯೇನು? ನಗು ಬಿಡು, ನಗೂ ವಯಸ್ಸು ನಿಂದು. ಆದ್ರ ನಗೂ ಅಂಥಾದ್ದು ನಾ ಏನ್ ಹೇಳಿದೆ ಮೈಲಮ್ಮಾ? ಫ್ಲೆಕ್ಸಿನಾಗ ನಿನ್ನ ಫೋಟೋನೂ ಹಾಕಿಸೀವಿ ಅಂದೆ. ಸುಳ್ಳೇನು? ಕಿಟಕ್ಯಾಗಿಂದ ಬಗ್ಗಿ ನೋಡು. ನಡುವ ನಮ್ಮ ಗಂಗಾಂಬಿಕಾ, ಕೈಯಾಗ ಕಪ್ ಹಿಡಕೊಂಡು. ಮ್ಯಾಲ ‘ಜಪಾನಿ ಭಾಷೆಯಲ್ಲಿ ಸಾಧನೆಗೈದ ಕೊಟ್ಟೂರಿನ ಹೆಮ್ಮೆಯ ಕುವರಿ.’ ಕೆಳಗ… ಇನ್ನಾ ಕೆಳಗ ನೋಡವಾ… ‘ಶುಭ ಕೋರುವವರು’ ಅಂತ ಐತೆಲ್ಲ, ಆ ಸಾಲಿನಾಗ, ಕಡೀಗೆ. ಹ್ಞಾಂ, ಗೊಬ್ಬರದ ಅಂಗಡಿ ಭೀಮರಾಜನ ಪಕ್ಕಕ್ಕ. ಮಾರಿ ಸ್ವಲ್ಪ ಕರ್ರಗ ಬಂದೈತಿ. ಅದಕ್ಕ ಅವರೇನು ಮಾಡ್ತಾರ, ಇದ್ದಂಗ ಬರ್ತೈತಿ.

ಕುಂದ್ರು. ಅಲ್ಲಿ ಬ್ಯಾಡ! ಮಂಚದ ಮ್ಯಾಲ ಗಂಗಾನ ರೇಷ್ಮಿ ಸೀರಿ ಹರವೀನಿ. ಕುರಿ ವಾಸನಿ ಒಮ್ಮೆ ಹತ್ತಿದ್ರ… ಏ, ಚಾಷ್ಟಿಗೆ ಅಂದ್ನವಾ, ಮುಖ ಯಾಕ ಹಂಗ ಮಾಡ್ತಿ? ಆ ಸ್ಟೂಲ್ ಎಳಕೋ. ಮಂಡಕ್ಕಿ ಒಗ್ಗರಣಿ ತಿನ್ನು, ಬಿಸಿ ಐತಿ. ಮಿರ್ಚಿ ಹಾಕ್ಲಾ? ತಿನ್ನು, ತಿನ್ನು. ಇಟ್ಟಿಗಿಯಿಂದ ಮೊದಲನೇ ಬಸ್ಸಿಗೆ ಬಂದೀರಿ, ಅಪ್ಪ ಮಗಳು ಏನೂ ತಿಂದಿರಂಗಿಲ್ಲ. ನಿಮ್ಮಪ್ಪಗೂ ಕೊಡಿಸೀನಿ. ಅಗಾ, ಶಾಮಿಯಾನದ ಆಚಿಗೆ ಬೇವಿನ ಗಿಡದ ಬುಡಕ ಕುಂತಾನ. ಕುರ್ಚಿ ಹಾಕ್ಸಿದ್ರ ‘ಒಲ್ಲೆರಿ ಸಾವ್ಕಾರ್ತಿ’ ಅಂದ. ನಾನೂ ಜುಲುಮಿ ಮಾಡಲಿಲ್ಲ. ಕುರ್ಚಿಗೂ ಒಂದು ರೂಢಿ ಬೇಕಾಗ್ತೈತಿ.

ಗಂಗಾ? ಬಾಜೂ ಕ್ವಾಣ್ಯಾಗ ಅದಾಳ. ಬ್ಯೂಟಿ ಪಾರ್ಲರ್ ಹುಡುಗಿ ಬಂದು ಅಲಂಕಾರ ಮಾಡಾಕತ್ತಾಳ. ಈಗ ಮಾತಾಡಿಸಾಕ ಹೋಗಬ್ಯಾಡ. ಆಮ್ಯಾಲ ನೋಡಿದ್ರಾತು… ಇಷ್ಟು ದಿನ ನೀವಿಬ್ರೂ ಮಾತಾಡಿಲ್ಲ, ಇನ್ನೊಂದು ತಾಸಿಗೆ ಏನಾಗ್ತೈತಿ? ಮಾತಾಡಲಾರದಂಗ ನಾನ ಮಾಡಿದ್ನಾ? ಒಳ್ಳೇ ಮಾತಾತು! ಪರೀಕ್ಷಿ ಹತ್ರ ಬಂತು, ಹಾಸ್ಟೆಲಿನಾಗ ಇಬ್ರೂ ಒಂದ ರೂಮಿನಾಗ ಇದ್ರ ಬರೇ ಹರಟಿ ಅಂತ ಆಕಿಗೆ ಬ್ಯಾರೆ ರೂಮು ಕೊಡಿಸಿದೆ. ತಾಯಿ ಆದಾಕಿ ಅಷ್ಟೂ ಮಾಡಬಾರದಾ?

ಇಕಾ, ಈ ಸೀರಿ ನಿನಗ. ಕೆಲಸದ ಜಂಬಕ್ಕಗ ಅಂತ ತಂದಿದ್ದೆ, ಆಕಿ ಬಣ್ಣ ಬರೋಬ್ಬರಿ ಇಲ್ಲ ಅಂದ್ಲು. ಉಟ್ಕೋ. ನಿನಗ ಒಪ್ತೈತಿ.

ಎಂಥಾ ಸಭಾ ಅದು ಮೈಲಮ್ಮಾ, ಆ ಭಾಷಣ ಸ್ಪರ್ಧಾದ್ದು! ನೀ ನೋಡಬೇಕಿತ್ತು… ಹ್ಞಾಂ, ನೀ ಹ್ಯಾಂಗ ನೋಡ್ತಿ, ನೀ ಇರಲಿಲ್ಲ. ಹೈದರಾಬಾದಿನಾಗ ಅಷ್ಟು ದೊಡ್ಡ ಹಾಲ್, ಚೀನಿ ಕಲಿಯೋರು, ಕೊರಿಯಾ ಕಲಿಯೋರು, ನಿಮ್ಮ ಜಪಾನಿಯವ್ರು, ಏಷ್ಯಾದ ಭಾಷಾ ಅಂದ್ರ ಒಂದಾ ಎರಡಾ! ಎಲ್ಲಾ ಯೂನಿವರ್ಸಿಟಿ ಹುಡುಗ್ರೂ ಬಂದಿದ್ರು. ಅಷ್ಟೂ ಮಂದ್ಯಾಗ ನಮ್ಮ ಹುಡುಗಿ ಫಸ್ಟ್. ಬಹುಮಾನ ಅಂದ್ರ ಒಂದು ವರ್ಷ ಜಪಾನದಾಗ ಓದು. ನಮ್ಮ ಮನ್ಯಾರಂತೂ ಮರುದಿನ ಮೆಕ್ಕಿಜೋಳ ಹಾಕಾಕ ಮಂಡಿಗೆ ಬಂದ ರೈತರಿಗೆಲ್ಲಾ ಪೇಡೆ ಹಂಚಿದ್ರು. ಬೆನಕಪ್ಪ ಸಾವ್ಕಾರನ ಮಗಳು ಜಪಾನಕ್ಕ ಹೊಂಟಾಳ ಅಂತ ಕೊಟ್ಟೂರು ಏನು, ಕೂಡ್ಲಿಗಿ ಹಗರಿಬೊಮ್ಮನಹಳ್ಳಿತನಕ ಸುದ್ದಿ.

ಆ ಸ್ಪರ್ಧಾದಾಗ ನಿನ್ನ ಹೆಸರೂ ಇತ್ತು, ಯಾರು ಇಲ್ಲಂದ್ರು? ನೀ ಬಲು ಶ್ಯಾಣ್ಯಾಕಿ. ನಿಮ್ಮ ರೂಮಿಗೆ ಬಂದಾಗೆಲ್ಲಾ ನೋಡೀನಲ್ಲ, ಗಂಗಾ ಮುಸುಕು ಹೊದ್ದು ಮಲಗಿರ್ತಿದ್ಲು, ನೀ ಕುಂತು ಆ ಕೋಳಿ ಕಾಲು ಕೆದರಿದಂಥಾ ಅಕ್ಷರ ತಿದ್ದಿದ್ದಾ ತಿದ್ದಿದ್ದು. ಆಕಿಗೂ ಹೇಳಿಕೊಟ್ಟಾಕಿ ನೀನ. ನಾ ಮರೆಯಾಕಿ ಅಲ್ಲ. ಬಂದಾಗೆಲ್ಲಾ ನಿನಗೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರ್ತಿದ್ನಿಲ್ಲೋ? ಆದ್ರ ಹಣಿಬರಾ ಅಂತ ಒಂದಿರ್ತೈತಿ. ಸ್ಪರ್ಧಾದ ದಿನಾನ, ಮುಂಜಾನೆ, ‘ನಿಮ್ಮಪ್ಪಗ ಹಿಂಗಾಗೈತಿ, ಹಡಗಲಿ ದವಾಖಾನಿಗೆ ಹಾಕ್ಯಾರ’ ಅಂತ ನಿನಗ ಫೋನ್ ಬರಬೇಕಾ? ಅದಕ್ಕ ಯಾರೇನು ಮಾಡಾಕ ಬರ್ತೈತಿ?

ನಾವಾದ್ರ ಅವತ್ತು ಹಿಂದ ಮುಂದ ನೋಡಲಿಲ್ಲ. ಸ್ಪರ್ಧಾ ನೋಡಾಕಂತ ಬಂದಿದ್ವಿ, ನೀ ಹಾಸ್ಟೆಲ್ ಮೆಟ್ಲ ಮ್ಯಾಲ ಕುಂತು ಗೊಳೋ ಅಂತ ಅಳಾಕತ್ತಿದ್ದಿ, ‘ಅಪ್ಪಗ ಹುಷಾರಿಲ್ಲರಿ, ಅಪ್ಪನ ಫೋನ್ ಹತ್ತವಲ್ದು’ ಅಂತ. ನಾನ ಹೇಳಿದೆ, ‘ಹೊನ್ನೂರಸ್ವಾಮಿ, ಕಾರ್ ತಗಿ, ಈ ಹುಡುಗೀನ ಹಡಗಲಿಗೆ ಮುಟ್ಟಿಸಿ ಬಾ’ ಅಂತ. ಸ್ವಂತ ಕಾರು, ಸ್ವಂತ ಡ್ರೈವರ್! ಈ ಕಾಲದಾಗ ಯಾರು ಕೊಡ್ತಾರ?… ದವಾಖಾನ್ಯಾಗ ನಿಮ್ಮಪ್ಪ ಇರಲಿಲ್ಲ, ಗೊತ್ತೈತಿ. ತಂಬ್ರಹಳ್ಳಿ ಹೊಲದಾಗ ಕುರಿ ತರುಬಿ ರೊಟ್ಟಿ ತಿನ್ನಾಕತ್ತಿದ್ದ ಅಂತ, ಗೊತ್ತೈತಿ. ಅದು ಚೊಲೋ ಆತಲ್ಲ! ಅಪ್ಪ ಆರಾಮ ಅದಾನ ಅಂತ ಖುಷಿ ಪಡೂದು ಬಿಟ್ಟು… ಯಾರೋ ಆಗಲಾರದವ್ರು ಮಾಡ್ಯಾರ. ಮಂದಿ ಹೊಟ್ಟ್ಯಾಗ ಕಿಚ್ಚಿರ್ತೈತಿ. ಕುರಿ ಕಾಯೋ ಪಾಲಾಕ್ಷಪ್ಪನ ಮಗಳು ಜಪಾನಿ ಮಾತಾಡ್ತಾಳ ಅಂದ್ರ ನಿಮ್ಮೂರಾಗ ಎಷ್ಟು ಮಂದಿಗೆ ಉರಿತಿರ್ತೈತೋ.

ಇರಲಿ. ಆದದ್ದಾತು. ಕೆಲಸದ ಮಾತಿಗೆ ಬರ್ತೀನಿ, ಹೊತ್ತಿಲ್ಲ.

ಜಪಾನದಾಗಿಂದ ಮೇಡಮ್ಮು ಹನ್ನೊಂದಕ್ಕ ವಿಡಿಯೋ ಕಾಲ್ ಮಾಡ್ತಾಳ. ಸೆನ್ಸೇ ಅಂತೀರಲ್ಲ ನೀವು, ಟೀಚರಮ್ಮಗ? ಆಕೀನ. ಅವತ್ತು ಸ್ಪರ್ಧಾಕ್ಕ ಬಂದು ನಂಬರ್ ಹಾಕಿದಾಕಿ. ಸ್ಟೇಜಿನ ಮ್ಯಾಲ ಪಡದಿ ಹಾಕ್ಯಾರ, ಅದರಾಗ ದೊಡ್ಡದಾಗಿ ಕಾಣ್ತಾಳ. ಊರ ಮಂದಿ ಎದುರಿಗೆ ಆಕಿ ಕೇಳ್ತಾಳ, ಗಂಗಾ ಹೇಳಬೇಕು. ಈಗ ಏನಾಗೈತಿ ಅಂದ್ರ… ಗಂಗಾನ ಗಂಟಲಾ ಕೆಟ್ಟೈತಿ… ಮತ್ತ ಯಾಕ ನಗ್ತಿ? ಥಂಡಿ ಹತ್ತೈತಿ ಖರೇನ… ಹೋಗಲಿ ಬಿಡು, ಬರಂಗಿಲ್ಲ! ಸಾಕಾ? ಬಾಯಿಪಾಠ ಮಾಡಿದ್ದಾದ್ರ ಪಟಪಟಾ ಒಪ್ಪಿಸ್ತಾಳ. ಎದುರಿನವ್ರು ತಿರುಗಿ ಒಂದು ಮಾತು ಕೇಳಿದ್ರ ಮುಗೀತು, ಕಣ್ಣು ಕಣ್ಣು ಬಿಡ್ತಾಳ. ಅದಕ್ಕ ನೀನು ಆಕಿ ಹಿಂದ, ಪಡದಿ ಮರಿಗೆ ಕುಂದ್ರಬೇಕು. ಯಾರಿಗೂ ಕಾಣಬಾರದು. ಮೆಲ್ಲಕ ಹೇಳಿಕೊಡು, ಆಕಿ ಅಂತಾಳ. ಎರಡು ವರ್ಷ ಮಾಡಿದ್ದ ಕೆಲಸಾನ, ಹೊಸದೇನಲ್ಲ ನಿನಗ.

ಇನ್ನೊಂದೈತಿ. ತಟ್ಟಿ ಕೆಳಗ ಇಡಬ್ಯಾಡ, ತಿನ್ಕೊಂತ ಕೇಳು.

ಆ ಮೇಡಮ್ಮಗ ಗಂಗಾನ ಅಪ್ಪನ್ನ ನೋಡಬೇಕಂತ. ಭಾಳ ಆಶಾ ಅಂತ. ಈಗ ನಮ್ಮ ಮನ್ಯಾರನ್ನ ಹ್ಯಾಂಗ ತೋರಿಸ್ಲಿ ಹೇಳು? ಸಫಾರಿ ಹಾಕ್ಯಾರ, ಬೆರಳಿಗೆ ಉಂಗುರ, ಕೂದಲಿಗೆ ಬಣ್ಣ. ಆಕಿ ಕೇಳೋದು ಕುರಿ ಕಾಯೋ ಅಪ್ಪನ್ನ.

…ಹಂಗ್ಯಾಕ ನೋಡ್ತಿ? ತಿಳೀಲಿಲ್ಲಾ? ಗಂಗಾ ಅವತ್ತು ನಿನ್ನ ಭಾಷಣ ಮಾಡಿದ್ಲು ಅಂತ ನಿನಗ ಹೇಳಿದ್ದೆ. ‘ನನ್ನ ಗೆಳತಿ ಕಥಿ’ ಅಂತ ಹೇಳ್ಯಾಳ ಅಂತಾನೂ ಹೇಳಿದ್ದೆ, ಹೌದು. ಗೆಳತಿ ಕಥಿಗೆ ಯಾರರ ಕಪ್ ಕೊಡ್ತಾರೇನು ಹುಚ್ಚಿ? ‘ನಾನು’ ಅಂದ್ಲು. ನಾನು ಸಣ್ಣಾಕಿ ಇದ್ದಾಗ ಅಪ್ಪನ ಕುರಿ ಹಿಂದ ಊರೂರು ತಿರುಗಿದೆ, ಸಾಲಿ ಇರಲಿಲ್ಲ, ದಾರ್ಯಾಗ ಬರೋ ಊರ ಬೋರ್ಡ್ ನೋಡಿ ಅಕ್ಷರ ಕಲತೆ. ಮಾಗಳ, ಇಟ್ಟಿಗಿ, ತಂಬ್ರಹಳ್ಳಿ. ಅಪ್ಪಗ ಓದಾಕ ಬರ್ತಿದ್ದಿಲ್ಲ, ಹೆಗಲ ಮ್ಯಾಲ ಹೊತ್ಕೊಂಡು ‘ಯಾವೂರು ಬಂತು ಓದವಾ’ ಅಂತಿದ್ದ, ನಾ ತಪ್ಪು ಓದಿದ್ರೂ ಅವನಿಗೆ ಗೊತ್ತಾಗ್ತಿದ್ದಿಲ್ಲ, ಹೌದೌದು ಅಂತಿದ್ದ… ಅದ, ಅದ. ನೀ ಹಗಲೂ ರಾತ್ರಿ ಗಂಗಾನ ಮುಂದ ಒಪ್ಪಿಸ್ತಿದ್ದೆಲ್ಲ, ಆಕಿಗೂ ಬಾಯಿಗೆ ಬಂದಿತ್ತು. ಆ ಮೇಡಮ್ಮು ಚಾಳೀಸು ತಗದು ಕಣ್ಣು ಒರಿಸ್ಕೊಂಡ್ಲು! ನಮ್ಮ ಗಂಗಾ, ಕುರಿ ಹಿಂಡು ಬಂದ್ರ ಕಾರಿನ ಗ್ಲಾಸ್ ಏರಿಸ್ತಾಳ, ಆಕಿ ಕುರಿ ಕಾಯ್ದ್ಲಂತ! ಮನಿಗೆ ಬಂದ ಮ್ಯಾಲ ನಕ್ಕು ನಕ್ಕು ನಮ್ಮ ಮನ್ಯಾರಿಗೆ ಕೆಮ್ಮು ಹತ್ತಿತ್ತು.

ಅಳಬ್ಯಾಡ. ನೀ ಇರಲಿಲ್ಲ, ನಿನ್ನ ಭಾಷಣ ಸುಮ್ನ ಹಾಳಾಗ್ತಿತ್ತು. ಹಾಳಾಗೂದಕಿಂತ ಉಪಯೋಗಕ್ಕ ಬಂತಲ್ಲ. ಹಳಸಿ ಹೋಗೋ ಅನ್ನಾ ಒಬ್ರು ಉಂಡ್ರ ಪುಣ್ಯಾ ಬರ್ತೈತಿ.

ಒಂದು ಮಾತು ಮೊದಲ ಹೇಳಿಬಿಡ್ತೀನಿ. ಗಂಗಾಗ ನಾ ಏನ್ ಹೇಳೀನಿ ಅಂದ್ರ, ‘ಮೈಲಮ್ಮ ಹೋಗೂ ಮುಂದ ನನ್ನ ಭಾಷಣ ಗಂಗಾ ಮಾಡ್ಲಿ ಅಂದ್ಲು’ ಅಂತ. ಆಕಿ ಹುಚ್ಚಿ, ‘ಮೈಲಮ್ಮನ ಕೇಳಲಾರದ ಹ್ಯಾಂಗ ಮಾಡ್ಲಿ’ ಅಂತ ಬೆಂಚಿಗೆ ಅಂಟಿಕೊಂಡು ಕುಂತಿದ್ಲು. ಅದಕ್ಕ ಹೇಳಿದೆ. ಆಕಿ ಮುಂದ ನೀ ಏನೂ ಬಾಯಿ ಬಿಡಬಾರದು. ‘ಹೌದು, ನಾನ ಅಂದಿದ್ದೆ’ ಅನ್ನಬೇಕು. ಹಬ್ಬದಂಥಾ ದಿನ ಆಕಿ ಮನಸು ಕೆಡಿಸಬ್ಯಾಡ.

ನಿಮ್ಮಪ್ಪ ಏನು ಮಾಡಬೇಕು? ಏನೂ ಇಲ್ಲ. ಎರಡು ನಿಮಿಷ ಗಂಗಾನ ಅಪ್ಪ ಆಗಬೇಕು, ಅಷ್ಟ. ಹೆಗಲ ಮ್ಯಾಲ ಕಂಬಳಿ ಇರಲಿ. ಅದಕ್ಕ ಅಲ್ಲೇನು ‘ಕಂಬಳಿ ಹೊದ್ಕೊಂಡು ಬರ್ರಿ, ನಿಮಗೂ ಸನ್ಮಾನ ಐತಿ’ ಅಂತ ಹೇಳಿ ಕಳಿಸಿದ್ದು? ಗಂಗಾನ ಪಕ್ಕಕ್ಕ ನಿಂತು ಪಡದಿ ಕಡಿ ಕೈ ಮುಗದ್ರ ಸಾಕು. ಅವನಿಗೆ ಹೇಳಬೇಕಾ? ಯಾಕ? ಮಗಳು ದೊಡ್ಡಾಕಿ ಆಗ್ಯಾಳ, ಅದಕ್ಕ ಸಾವ್ಕಾರ್ರು ಕರಿಸ್ಯಾರ ಅಂತ ತಿಳಕೊಂಡು ಬಂದಾನ. ಹಂಗ ತಿಳಕೊಂಡು ಹೋಗಲಿ. ಜಪಾನಿ ಮಾತು ಅವನಿಗೇನು ತಿಳೀತೈತಿ? ಗಂಗಾಗೂ ಇನ್ನಾ ಹೇಳಿಲ್ಲ. ಸ್ಟೇಜಿನ ಮ್ಯಾಲ ನಿಂತ ಮ್ಯಾಲ ಒಲ್ಲೆ ಅನ್ನಾಕ ಬರಂಗಿಲ್ಲ, ಮಂದಿ ನೋಡ್ತಿರ್ತಾರ.

ಒಂದು ಎಚ್ಚರ. ಆಕಿ ಬಾಯಿಪಾಠ ಮಾಡೋದು ಕೇಳಿ ಕೇಳಿ ನನಗೂ ಒಂದೆರಡು ಮಾತು ಬರ್ತಾವ. ‘ವತಾಶಿ’ ಅಂದ್ರ ನಾನು. ತಮ್ಮ ಅಪ್ಪಗ ‘ಚಿಚಿ’ ಅಂತಾರ. ಛೀ ಛೀ! ಎಂಥಾ ಭಾಷಾನೋ. ಮಂದಿ ಅಪ್ಪ ಆದ್ರ ‘ಓತೋಸಾನ್’. ಇವತ್ತು ನಿಮ್ಮಪ್ಪ ನಿನಗ ಓತೋಸಾನ್. ತಿಳೀತಾ? ಬಾಯಿ ತಪ್ಪಬಾರದು.

ಅಯ್ಯ, ಯಾಕ ಎದ್ದಿ? ಎಲ್ಲಿಗೆ? ಕುಂದ್ರು… ಕುಂದ್ರಂದ್ರ! ನಿಮ್ಮಪ್ಪಂದೇನು ಸವದು ಹೋಗ್ತೈತೇನು, ಎರಡು ನಿಮಿಷ ಕೊಟ್ರ? ಸೀರಿ ಯಾಕ ಮಡಚಿ ಇಡ್ತಿ?

ನೋಡವಾ, ಇಷ್ಟೊತ್ತು ಸಮಾಧಾನಲೆ ಹೇಳಿದೆ. ಬ್ಯಾರೆ ರೀತಿನೂ ಹೇಳಾಕ ಬರ್ತೈತಿ ನನಗ. ನೀ ಎರಡು ವರ್ಷ ಹೈದರಾಬಾದಿನಾಗ ಇದ್ದಾಕಿ. ‘ಅಲ್ಲಿ ಯಾವನ ಜೋಡಿನೋ ತಿರುಗ್ತಿದ್ಲು’ ಅಂತ ನಾಳೆ ಇಟ್ಟಿಗಿ ಸಂತ್ಯಾಗ ಒಬ್ಬಾಕಿ ಕಿವ್ಯಾಗ ಹಾಕಿದ್ರ ಸಾಕು, ಸಂಜಿಗೆ ನಿಮ್ಮ ಹಟ್ಟಿಗೆ ಮುಟ್ಟಿರ್ತೈತಿ. ಮಂದಿ ಯಾರ ಮಾತು ನಂಬ್ತಾರ? ನಿಂದೋ, ಈ ಸಾವ್ಕಾರ್ತಿ ಕೊಟ್ರಬಸಮ್ಮಂದೋ? ಒಂದ ಮಾತು ಮೈಲಮ್ಮಾ, ಒಂದ ಮಾತು ಸಾಕು ಮನಷ್ಯಾನ್ನ ಓಡ್ಸಾಕ. ನಿನಗ ಗೊತ್ತಿಲ್ಲೇನು? ಅವತ್ತು ಹಾವು ಕಚ್ಚೈತಿ ಅಂದ ಕೂಡಲೇ ಕಾಲಾಗ ಚಪ್ಪಲಿ ಇಲ್ಲದ ಹ್ಯಾಂಗ ಓಡಿ ಬಂದಿ ಮೆಟ್ಲ ಇಳಕೊಂಡು…

…ಏನು?

ಯಾಕ ಹಂಗ ನಿಂತಿ? ಹಾವು ಅಂತ ನೀನ ಅಂದೆಲ್ಲ, ಅಳ್ಕೊಂತ… ಅನ್ನಲಿಲ್ಲಾ? ‘ಹುಷಾರಿಲ್ಲ’ ಅಂದಿ ಬರೇ. ಹೌದು. ಹುಷಾರಿಲ್ಲ ಅಂತ ಅಷ್ಟ ಅಂದಿ… ಹಂಗಾರ ಹೊನ್ನೂರಸ್ವಾಮಿ ಹೇಳಿರಬೇಕು. ದಾರ್ಯಾಗ ನೀ ಅವನ ಮುಂದ ಹೇಳಿರ್ತಿ, ಅವ ಬಂದು ನನ್ನ ಮುಂದ… ತಲಿ ಅಲ್ಲಾಡಸ್ತಿ. ಅವನಿಗೂ ಹೇಳಿಲ್ಲಾ? ಯಾರಿಗೂ ಹೇಳಿಲ್ಲಾ?… ಹೊಲದಾಗ ಇರೋರಿಗೆ ಮತ್ತೇನು ಕಚ್ತೈತಿ, ಹಾವ ಕಚ್ತೈತಿ! ನಾನ ಅಂದಾಜು ಮಾಡಿದೆ. ಅಂದಾಜಿಗೂ ತಪ್ಪೇನು?

ಕಣ್ಣು ಪಿಳುಕಸದ ನೋಡಬ್ಯಾಡ ನನ್ನ. ಬೈಯಬೇಕಾದ್ರ ಬೈ… 

ತಡಿ, ತಡಿ. ಗಂಗಾನ ಫೋನ್ ಹೊಡಕೊಳ್ಳಾಕತ್ತೈತಿ. ಅಯ್ಯ ಶಿವನ, ಆಕೀನ! ಇನ್ನಾ ಹನ್ನೊಂದಾಗಿಲ್ಲಲ್ಲ. ಕೆಳಗ ಪಡದಿಗೆ ಜೋಡಿಸಿಲ್ಲ ಏನಿಲ್ಲ… ಹಿಡಿ, ನೀನ ಮಾತಾಡು. ‘ಗಂಗಾ ತಯಾರಾಗಾಕತ್ತಾಳ, ಸ್ವಲ್ಪ ತಡದು ಮಾಡ್ರಿ’ ಅನ್ನು. ಅಷ್ಟ ಅನ್ನಬೇಕು. ಹಿಡಿಯ!

…ಹ್ಞಾಂ. ತಲಿ ಬಗ್ಗಿಸಿದಿ, ಚೊಲೋ ಆತು… ಏನ್ ಮಾತಾಡ್ತಿಯವ್ವಾ, ಕಾಲವಿ ನೀರು ಹರದಂಗ… ಮೇಡಮ್ಮು ನಕ್ಕಳು… ಸಾಕು, ಸಾಕು, ಇಷ್ಟುದ್ದ ಏನೈತಿ ಹೇಳೂದು? ಕಿಟಕಿ ಕಡಿ ಯಾಕ ಹೋಗ್ತಿ? ಇಲ್ಲೇ ನಿಂತು… ಏ! ಅವನ್ನ ಈಗ ಯಾಕ ತೋರಿಸ್ತಿ? ಅದು ಸ್ಟೇಜಿನ ಮ್ಯಾಲ, ಆಮ್ಯಾಲ…

ಏನಂದಿ? ಚಿಚಿ ಅಂದಿ. ವತಾಶಿ ಅಂದಿ, ಚಿಚಿ ಅಂದಿ! ನನಗ ಕೇಳಿಸ್ತು. ನಿಮ್ಮಪ್ಪ ಬ್ಯಾರೆ ಕೆಳಗಿಂದ ಕೈ ಬೀಸಾಕತ್ತಾನ, ಹಲ್ಲು ತಗದು… ಕೊಡಿಲ್ಲಿ ಫೋನು. ಕೊಡಂದ್ರ! ಮೇಡಂ, ನಮಸ್ಕಾರ್ರಿ, ಈ ಹುಡುಗಿಗೆ ತಲಿ ಸರಿ ಇಲ್ಲರಿ, ಈಕಿ ಮಾತು ನಂಬಬ್ಯಾಡ್ರಿ… ಆಕಿಗೆಲ್ಲಿ ತಿಳೀಬೇಕು ನನ್ನ ಮಾತು! ಯಾಕ ನಗೂದು ಬಿಟ್ಲು ಆಕಿ? ಯಾಕ ಬಾಯಿ ಮ್ಯಾಲ ಕೈ ಇಟ್ಕೊಂಡ್ಲು? ಏನ್ ಹೇಳಿದಿ? ಕನ್ನಡದಾಗ ಹೇಳ ಏನಂದಿ!

ಅವತ್ತಿನ ಆ ಫೋನಿಂದೂ ಹೇಳಿದೇನು? ನನ್ನ ಹೆಸರು ಹೇಳಿದೇನು? ಯಾವ ಆಧಾರದ ಮ್ಯಾಲ ಹೇಳ್ತಿ? ಎಲ್ಲೈತಿ ಸಾಕ್ಷಿ? ಆ ಸಿಮ್ ನನ್ನ ಹೆಸರಿನಾಗ ಇಲ್ಲ, ಅವತ್ತ ಮುರದು ಒಗದಾತು, ಯಾರೂ ಅದನ್ನ…

…

ಏನು. ಏನಾತೀಗ. ಒಂದು ಫೋನು, ಯಾರು ಮಾಡಿದ್ರೇನು? ಸತ್ನೇನು ನಿಮ್ಮಪ್ಪ? ಅಗಾ, ಕುಂತು ಮಿರ್ಚಿ ತಿನ್ನಾಕತ್ತಾನ, ಗುಂಡಕಲ್ಲು ಇದ್ದಂಗ! ಆಯುಷ್ಯ ಗಟ್ಟಿ ಅಂಥವರದು. ಖರೇನ ಹಾವು ಕಡದು ಸತ್ತಿದ್ರ ಪಾಡಿತ್ತು, ಇಷ್ಟು ರಾದ್ಧಾಂತಾನ ಇರ್ತಿದ್ದಿಲ್ಲ. ಅಂದ ಮಾತರ ಖರೇ ಆಗ್ತಿತ್ತು…

ಯಾರನ್ನ ನೋಡ್ತಿ, ನನ್ನ ಬೆನ್ನ ಹಿಂದ?

…ಗಂಗಾ. ನೀ ಯಾವಾಗ ಬಂದೆವಾ? ಅರ್ಧಕ್ಕ ಎದ್ದು ಬಂದಿ ನೋಡು, ಜಡಿ ಇನ್ನಾ ಹಾಕೇ ಇಲ್ಲ. ಹೋಗು, ಆ ಹುಡುಗಿ ಕಾಯಾಕತ್ತಿರ್ತಾಳ. ಇಲ್ಲೇನೂ ಇಲ್ಲ. ಸುಮ್ನ ಮೈಲಮ್ಮಗ ಚಾಷ್ಟಿ ಮಾಡಾಕತ್ತಿದ್ದೆ… ಕಣ್ಣೀರು ಒರಿಸ್ಕೋ, ಹಚ್ಚಿದ್ದೆಲ್ಲಾ ಕದಡಿ ಹೋಗ್ತೈತಿ. ನಿನಗೋಸ್ಕರ ಅಲ್ಲೇನು? ನನಗೇನು ಬೇಕಾಗಿತ್ತು ಜಪಾನು? ನೀ ಅಲ್ಲಿ ಸೋತು ಬಂದಿದ್ರ ನಿಮ್ಮಪ್ಪ… ಗಂಗಾ? ಆಕಿ ಮುಂದ ಯಾಕ ನೆಲಕ್ಕ ಕುಂತಿ? ಏಳು. ಬಟ್ಟಿ ಹೊಲಸಾಗ್ತೈತಿ. ಏಳಂದ್ರ!

ಫೋನ್ ಯಾಕ ನಿನಗ? ಆ ಮೇಡಮ್ಮು ಇನ್ನಾ ಅದರಾಗ ಅದಾಳ, ಬ್ಯಾಡ… ಗಂಗಾ, ಬಿಡು ಕೈ!

…ಏನ್ ಹೇಳಾಕತ್ತಿ ಆಕಿಗೆ? ತಡವರಿಸಿಕೊಂತ, ಒಂದೊಂದ ಮಾತು ಹೆಕ್ಕಿ ಹೆಕ್ಕಿ… ಇದು ಬಾಯಿಪಾಠದ್ದಲ್ಲ. ಇದನ್ನ ನಾ ಯಾವತ್ತೂ ಕೇಳಿಲ್ಲ. ಕನ್ನಡದಾಗ ಹೇಳು. ಗಂಗಾ, ನಾನು ನಿಮ್ಮಮ್ಮ ಅದೀನಿ, ನನಗ ತಿಳಿಯಂಗ ಹೇಳು… ನನ್ನ ಕಡಿ ಕೈ ಮಾಡಿ ಏನ್ ಹೇಳಿದಿ?

ಮೈಲಮ್ಮಾ, ನೀನರ ಹೇಳವಾ. ನಿನಗ ತಿಳೀತೈತಲ್ಲ. ಏನಂತಾಳ ನನ್ನ ಮಗಳು? ನನಗ ಏನಂದ್ಲು ಆಕಿ?… ಕೆಳಗ ಮೈಕಿನಾಗ ಹೆಸರು ಕೂಗಾಕತ್ಯಾರ. ಮೈಲಮ್ಮಾ, ನಿನಗ ಕೈ ಮುಗೀತೀನಿ. ಒಂದ ಮಾತು…